ಹುಲ್ಲುಹಾಸಿನ ಕಂದು ಕಲೆಗಳು: ಪರೀಕ್ಷೆ ಮತ್ತು ಚಿಕಿತ್ಸೆ

ಮೈಸೂರು, ಬೆಂಗಳೂರು ಮೊದಲಾದ ನಮ್ಮ ಪಟ್ಟಣಗಳಲ್ಲಿ ಮನೆಯ ಮುಂದೆ ನಾಲ್ಕು ಮಾರು ನೆಲ ಉಳಿದರೆ ಸಾಕು, ಅಲ್ಲಿ ಹಸುರು ಹುಲ್ಲನ್ನು ಬೆಳೆಸಬೇಕೆಂಬ ಆಸೆ ಗೃಹಸ್ಥರಿಗೆ ಹುಟ್ಟುವುದು ಸಹಜ. ಮಕ್ಕಳು ಬಿದ್ದು ಎದ್ದು ಆಡುವುದಕ್ಕೂ, ಹಿರಿಯರು ಸಂಜೆಯ ಹೊತ್ತು ಕುರ್ಚಿ ಹಾಕಿಕೊಂಡು ಕೂಡುವುದಕ್ಕೂ ಅದಕ್ಕಿಂತ ಹಿತವಾದ ಸ್ಥಳ ಮತ್ತೊಂದಿಲ್ಲ. ಇಂತಹ ಹುಲ್ಲಿನ ನಡುವೆ ಒಂದು ದಿನ ಅಂಗೈ ಅಗಲದ ಕಂದು ಕಲೆ ಕಾಣುತ್ತದೆ. ವಾರ ಕಳೆಯುವುದರೊಳಗೆ ಅದು ಮೊರದಷ್ಟಾಗುತ್ತದೆ. ಆಗ ಮನೆಯವರು ಮಾಡುವ ಮೊದಲನೆಯ ಕೆಲಸ ನೀರು ಹಾಯಿಸುವುದು; ಎರಡನೆಯದು ಗೊಬ್ಬರ ಚೆಲ್ಲುವುದು; ಮೂರನೆಯದು ಮಾಲಿಯನ್ನು ಗದರಿಸುವುದು. ಈ ಮೂರರಿಂದಲೂ ಗುಣ ಕಾಣದಿದ್ದರೆ, ಅಂಗಡಿಯಿಂದ ಯಾವುದಾದರೂ ವಿಷದ ಔಷಧವನ್ನು ತಂದು ಎರಚುವುದು ನಾಲ್ಕನೆಯದು.

ಈ ಕ್ರಮವು ತಲೆಕೆಳಗಾದುದು. ಕಂದು ಬಣ್ಣವೆಂಬುದು ರೋಗವಲ್ಲ. ಜ್ವರದಂತೆ ಅದು ಒಂದು ಲಕ್ಷಣ ಮಾತ್ರ. ಜ್ವರವು ಹತ್ತು ಕಾರಣಗಳಿಂದ ಬರಬಹುದು. ಕಾರಣವನ್ನು ತಿಳಿಯದೆ ಔಷಧ ಕೊಡುವ ವೈದ್ಯನನ್ನು ನಾವು ಮೆಚ್ಚುವುದಿಲ್ಲ. ಹುಲ್ಲಿನ ವಿಷಯದಲ್ಲಿಯೂ ಹಾಗೆಯೇ. ಬಾಯಾರಿದ ಹುಲ್ಲಿಗೂ, ತೇವದಿಂದ ಕೊಳೆಯುತ್ತಿರುವ ಹುಲ್ಲಿಗೂ ದೂರದಿಂದ ನೋಡಿದರೆ ಬಣ್ಣ ಒಂದೇ. ಮೊದಲನೆಯದಕ್ಕೆ ನೀರೇ ಅಮೃತ. ಎರಡನೆಯದಕ್ಕೆ ಅದೇ ನೀರು ವಿಷ. ಆದುದರಿಂದ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ ಎಂಬ ನಿಯಮವನ್ನು ಇಟ್ಟುಕೊಳ್ಳೋಣ. ಪರೀಕ್ಷೆಗೆ ಬೇಕಾದ ಸಲಕರಣೆಗಳೆಂದರೆ ಒಂದು ಚೂರಿ, ಆರಂಗುಲದ ಒಂದು ಮೊಳೆ, ನಮ್ಮ ಎರಡು ಕಣ್ಣುಗಳು ಮತ್ತು ಸ್ವಲ್ಪ ತಾಳ್ಮೆ.

ಮೊದಲು ಕಲೆಯ ಆಕಾರವನ್ನು ನೋಡಬೇಕು. ಅದು ನೇರವಾದ ಅಂಚುಳ್ಳದ್ದಾಗಿ, ಪ್ರತಿ ಬೇಸಗೆಯಲ್ಲಿಯೂ ಅದೇ ಜಾಗದಲ್ಲಿ ಕಾಣುತ್ತಿದ್ದರೆ, ರೋಗವು ಹುಲ್ಲಿನಲ್ಲಿಲ್ಲ, ನೆಲದೊಳಗಿದೆ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆಯ ಚೂರು, ಗಾರೆ, ಜಲ್ಲಿಗಳನ್ನು ಮಣ್ಣಿನಡಿಯಲ್ಲಿ ಮುಚ್ಚಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ಮೊಳೆಯನ್ನು ಅಲ್ಲಿ ಒತ್ತಿದರೆ ಎರಡಂಗುಲದಲ್ಲಿಯೇ ಕಟ್ಟೆಂದು ನಿಲ್ಲುತ್ತದೆ. ಆ ಕಸವನ್ನು ಅಗೆದು ತೆಗೆದು ಒಳ್ಳೆಯ ಮಣ್ಣನ್ನು ತುಂಬುವವರೆಗೆ ಎಷ್ಟು ನೀರೆರೆದರೂ ಪ್ರಯೋಜನವಿಲ್ಲ. ಕಲೆಯು ತಟ್ಟೆಯಷ್ಟು ಚಿಕ್ಕದಾಗಿ, ನಡುವೆ ಒಣಗಿ, ಸುತ್ತಲೂ ಕಡುಹಸುರಿನ ಬಳೆಯಂತೆ ಹುಲ್ಲು ಸೊಂಪಾಗಿದ್ದರೆ, ಅದು ಸಾಕುನಾಯಿಯ ಮೂತ್ರದ ಫಲ. ಮೂತ್ರದಲ್ಲಿರುವ ಸಾರಜನಕವು ನಡುವಿನಲ್ಲಿ ಅತಿಯಾಗಿ ಹುಲ್ಲನ್ನು ಸುಡುತ್ತದೆ. ಅಂಚಿನಲ್ಲಿ ಮಿತವಾಗಿ ಅದನ್ನೇ ಪೋಷಿಸುತ್ತದೆ. ಕೂಡಲೇ ಒಂದು ಬಿಂದಿಗೆ ನೀರು ಸುರಿದರೆ ದೋಷವು ಕರಗಿಹೋಗುತ್ತದೆ. ಕೈತಪ್ಪಿ ಚೆಲ್ಲಿದ ಯೂರಿಯಾ ಗೊಬ್ಬರವೂ ಹೀಗೆಯೇ ಸುಡುತ್ತದೆ. ಸಾವಿರ ಚದರಡಿಯ ಹುಲ್ಲಿಗೆ ಒಂದು ಸಲಕ್ಕೆ ೧ ಕಿಲೋಗ್ರಾಮಿಗಿಂತ ಹೆಚ್ಚು ಯೂರಿಯಾವನ್ನು ಹಾಕಬಾರದು. ಹಾಕಿದ ಮೇಲೆ ನೀರು ಕೊಡದೆ ಬಿಡಲೂಬಾರದು.

ಎರಡನೆಯದಾಗಿ ಬಾಯಾರಿಕೆಯ ಪರೀಕ್ಷೆ. ಹುಲ್ಲಿನ ಮೇಲೆ ನಡೆದು ಹಿಂದಿರುಗಿ ನೋಡಿರಿ. ಹೆಜ್ಜೆಯ ಗುರುತು ಬೇಗನೆ ಅಳಿಸಿಹೋದರೆ ಹುಲ್ಲಿನಲ್ಲಿ ನೀರಿದೆ. ಬಹಳ ಹೊತ್ತು ಹಾಗೆಯೇ ಉಳಿದರೆ ಅದು ಬಾಯಾರಿದೆ. ಮೊಳೆಯು ಮಣ್ಣಿನಲ್ಲಿ ಇಳಿಯದಿದ್ದರೆ, ನೆಲವು ತುಳಿತದಿಂದ ಗಟ್ಟಿಯಾಗಿ ನೀರನ್ನು ಕುಡಿಯುತ್ತಿಲ್ಲವೆಂದು ತಿಳಿಯಬೇಕು. ಅಂತಹ ಕಡೆ ಕಬ್ಬಿಣದ ಸಲಾಕೆಯಿಂದ ನಾಲ್ಕಂಗುಲಕ್ಕೊಂದರಂತೆ ರಂಧ್ರಗಳನ್ನು ಚುಚ್ಚಿ, ಮರಳನ್ನೂ ಪುಡಿಯಾದ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ಗುಡಿಸಿದರೆ ನೆಲವು ಮತ್ತೆ ಉಸಿರಾಡುತ್ತದೆ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಬೇಸಗೆಯಲ್ಲಿ ಕಂದಾದ ಗರಿಕೆಯೆಲ್ಲ ಸತ್ತುಹೋಯಿತೆಂದು ಭಾವಿಸಬಾರದು. ಗರಿಕೆಯು ಕಷ್ಟಕಾಲದಲ್ಲಿ ಎಲೆಗಳನ್ನು ಬಿಟ್ಟುಕೊಟ್ಟು, ಜೀವವನ್ನು ಹಂಬಿನ ಗೆಣ್ಣುಗಳಲ್ಲಿಯೂ ನೆಲದೊಳಗಿನ ಕಾಂಡಗಳಲ್ಲಿಯೂ ಅಡಗಿಸಿಟ್ಟುಕೊಳ್ಳುವ ಸಸ್ಯ. ಒಂದು ಹಂಬನ್ನು ಕಿತ್ತು ಗೆಣ್ಣಿನ ಬಳಿ ಚೂರಿಯಿಂದ ಸೀಳಿ ನೋಡಿರಿ. ಒಳಗೆ ಬೆಳ್ಳಗೋ ಎಳೆಹಸುರಾಗಿಯೋ ಇದ್ದರೆ ಅದು ನಿದ್ರಿಸುತ್ತಿದೆ. ಮುಂಗಾರಿನ ಮೊದಲ ಮಳೆಗಳಿಗೆ ತಾನಾಗಿಯೇ ಚಿಗುರುತ್ತದೆ. ಕಂದಾಗಿ ಪುಡಿಪುಡಿಯಾದರೆ ಮಾತ್ರ ಸತ್ತಿದೆ. ಒಣ ದಿನಗಳಲ್ಲಿ ಹುಲ್ಲನ್ನು ಹಸುರಾಗಿಯೇ ಇಡಬೇಕಾದರೆ ವಾರಕ್ಕೆ ಸುಮಾರು ಒಂದಂಗುಲದ ನೀರು ಬೇಕು. ಲೆಕ್ಕ ಹಾಕಿದರೆ ಸಾವಿರ ಚದರಡಿಗೆ ಇದು ಸುಮಾರು ೨,೩೬೦ ಲೀಟರು ಆಗುತ್ತದೆ. ಕೊಳವೆಬಾವಿಗಳು ಬತ್ತಿದ್ದ ೨೦೨೪ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಲಿಯು ತೋಟಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ಅಂತಹ ಕಾಲದಲ್ಲಿ ನಿದ್ರಿಸುವ ಹುಲ್ಲನ್ನು ನಿದ್ರಿಸಲು ಬಿಡುವುದೇ ಸದ್ಗೃಹಸ್ಥರಿಗೆ ಒಪ್ಪುವ ನಡತೆ. ನೆರೆಯವನ ಕೊಡ ಬರಿದಾಗಿರುವಾಗ ನಮ್ಮ ಅಂಗಳದ ಹಸುರು ಅಷ್ಟೇನೂ ಶೋಭಿಸುವುದಿಲ್ಲ.

ಮೂರನೆಯದು ಎಳೆದು ನೋಡುವ ಪರೀಕ್ಷೆ. ಕಲೆಯ ಅಂಚಿನಲ್ಲಿ ಒಂದು ಹಿಡಿ ಹುಲ್ಲನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಜಮಖಾನೆಯ ಮೂಲೆಯನ್ನು ಎತ್ತಿದಂತೆ ಹುಲ್ಲು ಬೇರಿಲ್ಲದೆ ಮೇಲಕ್ಕೆದ್ದು ಬಂದರೆ, ಕೆಳಗೆ ಗೊಣ್ಣೆಹುಳುಗಳು ಬೇರನ್ನು ಕತ್ತರಿಸಿವೆ. ಒಂದಡಿ ಚೌಕದಷ್ಟು ಹುಲ್ಲನ್ನು ಮೂರು ಕಡೆ ಕೊಯ್ದು ಹಿಂದಕ್ಕೆ ಮಡಿಸಿದರೆ, ಬೆಳ್ಳಗೆ ಕೊಬ್ಬಿದ ಮೈಯೂ ಕಂದು ತಲೆಯೂ ಆರು ಕಾಲುಗಳೂ ಉಳ್ಳ ಹುಳುಗಳು ಕುಡುಗೋಲಿನಂತೆ ಬಾಗಿ ಮಲಗಿರುವುದು ಕಾಣುತ್ತದೆ. ಕಾಗೆಗಳೂ ಗೊರವಂಕಗಳೂ ಒಂದೇ ಜಾಗವನ್ನು ಪದೇಪದೇ ಕೆದಕುತ್ತಿದ್ದರೆ ಅದೂ ಇದರ ಸುಳಿವೇ. ಒಂದಡಿ ಚೌಕದಲ್ಲಿ ಒಂದೆರಡು ಹುಳು ಇದ್ದರೆ ಭಯಪಡಬೇಕಾದುದಿಲ್ಲ. ಐದಾರಕ್ಕೆ ಮೀರಿದರೆ ಉಪಾಯವನ್ನು ಹುಡುಕಬೇಕು.

ಈ ಹುಳುವಿನ ಜೀವನಕ್ರಮವನ್ನು ತಿಳಿದವನಿಗೆ ಉಪಾಯವು ಸುಲಭ. ಇದು ಒಂದು ದುಂಬಿಯ ಮರಿ. ನಮ್ಮ ನಾಡಿನಲ್ಲಿ ಕಬ್ಬು, ಕಡಲೆಕಾಯಿ ಮೊದಲಾದ ಬೆಳೆಗಳ ಬೇರನ್ನು ತಿಂದು ರೈತರನ್ನು ಕಾಡುವ ಹುಳುವೂ ಇದೇ ಕುಲದ್ದು. ಬೇಸಗೆಯ ಕೊನೆಯಲ್ಲಿ ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದ ಹೊರಟು, ಬೇವು ಮೊದಲಾದ ಮರಗಳ ಎಲೆಗಳನ್ನು ಮೇಯುತ್ತವೆ. ಆಮೇಲೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮಳೆಗಾಲವೆಲ್ಲ ಮರಿಗಳು ಬೇರನ್ನು ತಿನ್ನುತ್ತವೆ. ಆದುದರಿಂದ ಮೊದಲ ಮಳೆಯ ನಂತರ ಕೆಲವು ಸಂಜೆಗಳು ಕೊಂಬೆಗಳನ್ನು ಅಲ್ಲಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆತ ನೀರಿಗೆ ಹಾಕಿದರೆ, ಮುಂದೆ ನೂರಾರು ಮರಿಗಳ ಬಾಧೆ ತಪ್ಪಿತು. ಹುಟ್ಟಿದ ಎಳೆಮರಿಗಳಿಗೆ ಬೇವಿನ ಹಿಂಡಿಯನ್ನು ಹಾಕುವುದುಂಟು. ಮೆಟರೈಜಿಯಂ ಎಂಬ ಶಿಲೀಂಧ್ರವೂ ಈ ಹುಳುಗಳಿಗೆ ರೋಗವನ್ನು ಹತ್ತಿಸಿ ಕೊಲ್ಲುತ್ತದೆ. ರಷ್ಯಾ ದೇಶದ ವಿಜ್ಞಾನಿ ಮೆಚ್ನಿಕಾಫರು ೧೮೭೯ರಲ್ಲಿ ಗೋಧಿಯ ದುಂಬಿಯ ಮೇಲೆ ಇದನ್ನು ಕಂಡು ವರ್ಣಿಸಿದರು; ಇಂದು ಅದು ಪುಡಿಯ ರೂಪದಲ್ಲಿ ದೊರೆಯುತ್ತದೆ. ಒಂದು ಕಾಲದಲ್ಲಿ ಇದೇ ಹುಳುವಿಗಾಗಿ ನಮ್ಮ ಹೊಲಗಳಿಗೆ ಸುರಿಯುತ್ತಿದ್ದ ಬಿ.ಎಚ್.ಸಿ. ಪುಡಿಯು ಮಣ್ಣಿನಲ್ಲಿಯೂ ಹಾಲಿನಲ್ಲಿಯೂ ಉಳಿಯುವಂತಹ ವಿಷವಾದುದರಿಂದ ೧೯೯೭ರಲ್ಲಿ ಭಾರತದಲ್ಲಿ ನಿಷೇಧಿಸಲ್ಪಟ್ಟಿತು.

ಇನ್ನು ನಾಲ್ಕನೆಯದಾದ ಶಿಲೀಂಧ್ರರೋಗಕ್ಕೆ ಬರೋಣ. ಕಂದು ಕಲೆಯ ರೋಗವೆಂಬ ಹೆಸರು ಸರಿಯಾಗಿ ಸಲ್ಲುವುದು ಇದಕ್ಕೇ. ಇದನ್ನುಂಟುಮಾಡುವ ರೈಜೋಕ್ಟೋನಿಯ ಎಂಬ ಬೂಷ್ಟಿನ ಜಾತಿಯನ್ನು ಜರ್ಮನಿಯ ಕ್ಯೂನ್ ಎಂಬ ವಿಜ್ಞಾನಿಯು ೧೮೫೮ರಲ್ಲಿ ಆಲೂಗಡ್ಡೆಯ ಮೇಲೆ ಗುರುತಿಸಿ ಹೆಸರಿಟ್ಟನು. ನಮ್ಮ ಬತ್ತದ ಗದ್ದೆಗಳಲ್ಲಿ ಎಲೆಯ ಕವಚವನ್ನು ಕೊಳೆಯಿಸುವುದೂ ಇದೇ ಜಾತಿ. ಇದು ಬಹಳ ದಿನ ಮಣ್ಣಿನಲ್ಲಿ ಸುಮ್ಮನೆ ಬಿದ್ದಿದ್ದು, ತೇವವು ದೊರೆತಾಗ ಏಳುತ್ತದೆ. ಶೀತದೇಶದ ಹುಲ್ಲುಗಳಿಗೆ ಸೆಕೆಯ ರಾತ್ರಿಗಳಲ್ಲಿ ಬರುತ್ತದೆ. ಗರಿಕೆ, ಜೊಯ್ಸಿಯ ಮತ್ತು ಅಗಲ ಎಲೆಯ ಉಷ್ಣದೇಶದ ಹುಲ್ಲುಗಳಿಗೆ, ಮಳೆ ಹಿಡಿದು ಹವೆ ತಂಪಾಗಿ ಬೆಳೆವಣಿಗೆ ನಿಧಾನವಾದಾಗ ಹೆಚ್ಚಾಗಿ ತಗಲುತ್ತದೆ. ಕಲೆಯು ದುಂಡಗಿದ್ದು ದಿನದಿನಕ್ಕೆ ಹಬ್ಬುತ್ತದೆ, ಅಂಚು ಹಳದಿಯಾಗಿರುತ್ತದೆ. ಇಲ್ಲಿ ಎಳೆದು ನೋಡಿದರೆ ಹುಲ್ಲು ಜಮಖಾನೆಯಂತೆ ಏಳುವುದಿಲ್ಲ. ಬೇರು ಭದ್ರವಾಗಿದ್ದು, ಎಲೆಗಳು ಮಾತ್ರ ಹಂಬಿನಿಂದ ಸುಲಭವಾಗಿ ಕಳಚಿ ಬರುತ್ತವೆ, ಬುಡದಲ್ಲಿ ಕಂದಾಗಿ ಕೊಳೆತಿರುತ್ತವೆ. ಬೆಳಗಿನ ಮಂಜಿನಲ್ಲಿ ಜೇಡರ ಬಲೆಯಂತಹ ಎಳೆಗಳು ಕಾಣಬರುವುದೂ ಉಂಟು.

ಈ ರೋಗಕ್ಕೆ ಆಮಂತ್ರಣ ಕೊಡುವವರು ಸಾಮಾನ್ಯವಾಗಿ ನಾವೇ. ಸಂಜೆ ಕಚೇರಿಯಿಂದ ಬಂದು ರಬ್ಬರು ಕೊಳವೆಯನ್ನು ಹಿಡಿದು ನೀರು ಚಿಮುಕಿಸುವುದು ಮನಸ್ಸಿಗೆ ಉಲ್ಲಾಸಕರವಾದರೂ, ಆ ನೀರು ರಾತ್ರಿಯೆಲ್ಲ ಎಲೆಯ ಮೇಲೆ ನಿಂತು ಬೂಷ್ಟಿಗೆ ಹಾಸಿಗೆ ಹಾಸಿಕೊಡುತ್ತದೆ. ಕಲೆಯನ್ನು ಕಂಡು ಯೂರಿಯಾ ಹಾಕಿದರೆ, ಎಳೆಯ ಮೃದುವಾದ ಎಲೆಗಳು ಹುಟ್ಟಿ ಅದಕ್ಕೆ ಊಟವನ್ನೂ ಬಡಿಸಿದಂತಾಗುತ್ತದೆ. ಆದುದರಿಂದ ಚಿಕಿತ್ಸೆಯು ಬಿಡುವುದರಿಂದ ಪ್ರಾರಂಭವಾಗಬೇಕು. ಸಂಜೆಯ ನೀರನ್ನು ಬಿಟ್ಟು ಮುಂಜಾನೆ ಕೊಡಿರಿ. ದಿನವೂ ಚಿಮುಕಿಸುವುದನ್ನು ಬಿಟ್ಟು ವಾರಕ್ಕೆ ಎರಡು ಬಾರಿ ಬೇರಿನವರೆಗೆ ಇಳಿಯುವಂತೆ ಕೊಡಿರಿ. ಮಳೆಯ ದಿನಗಳಲ್ಲಿ ಪೂರ್ತಿಯಾಗಿ ನಿಲ್ಲಿಸಿರಿ. ಸಾರಜನಕದ ಗೊಬ್ಬರವನ್ನು ರೋಗ ನಿಲ್ಲುವವರೆಗೆ ಹಾಕಬೇಡಿರಿ. ನೀರು ನಿಲ್ಲುವ ಕಡೆ ಹರಿದುಹೋಗಲು ಇಳಿಜಾರು ಮಾಡಿರಿ. ಕಲೆಯ ಭಾಗವನ್ನು ಕೊನೆಯಲ್ಲಿ ಕತ್ತರಿಸಿ, ಆ ಕತ್ತರಿಕೆಯನ್ನು ಹೊರಗೆ ಹಾಕಿ, ಯಂತ್ರವನ್ನು ತೊಳೆದಿಡಿರಿ. ಬೇರೂ ಹಂಬೂ ಸಾಮಾನ್ಯವಾಗಿ ಬದುಕಿರುವುದರಿಂದ, ಬಿಸಿಲು ಬಂದು ನೆಲ ಆರಿದೊಡನೆ ಹುಲ್ಲು ತಾನೇ ಕಲೆಯನ್ನು ಮುಚ್ಚಿಕೊಳ್ಳುತ್ತದೆ.

ಔಷಧವೇ ಬೇಡವೆಂದು ನಾವು ಹೇಳುವುದಿಲ್ಲ. ಅಝಾಕ್ಸಿಸ್ಟ್ರೋಬಿನ್ ಮೊದಲಾದ ಶಿಲೀಂಧ್ರನಾಶಕಗಳಿವೆ. ಆದರೆ ಅವು ಆರೋಗ್ಯವಾಗಿರುವ ಹುಲ್ಲನ್ನು ರಕ್ಷಿಸುತ್ತವೆಯೇ ಹೊರತು ಸತ್ತ ಎಲೆಯನ್ನು ಬದುಕಿಸಲಾರವು. ಬಾಯಾರಿಕೆಯಿಂದಲೋ ಗೊಣ್ಣೆಹುಳುವಿನಿಂದಲೋ ಆದ ಕಲೆಗೆ ಇವುಗಳಿಂದ ಏನೂ ಆಗದು. ಇದಲ್ಲದೆ ಅದು ಮಳೆಯಲ್ಲಿ ಕೊಚ್ಚಿ ಚರಂಡಿಯ ಮೂಲಕ ಕೆರೆಯನ್ನು ಸೇರಿದರೆ ಮೀನುಗಳಿಗೆ ಅಪಾಯ. ಹಿಂದಿನ ತಲೆಮಾರಿನವರು ಚೆಂಡಾಟದ ಮೈದಾನಗಳ ಕಂದು ಕಲೆಗೆ ಪಾದರಸದ ಲವಣಗಳನ್ನು ಎರಚುತ್ತಿದ್ದರು. ಅದರ ವಿಷವು ಮಣ್ಣಿನಲ್ಲಿ ಉಳಿದುಕೊಂಡಿತು. ಬರಿಗಾಲಿನ ಮಗು ಹೊರಳಾಡುವ ಸ್ಥಳದ ಮೇಲೆ ಏನನ್ನು ಎರಚುತ್ತಿದ್ದೇವೆಂಬುದು ಸಣ್ಣ ಪ್ರಶ್ನೆಯಲ್ಲ. ಕಾರಣವು ನಿಶ್ಚಯವಾಗಿ, ಬೇರೆ ಉಪಾಯಗಳೆಲ್ಲ ಮುಗಿದ ಮೇಲೆ, ತಿಳಿದವರ ಸಲಹೆಯಂತೆ, ಚೀಟಿಯಲ್ಲಿ ಬರೆದ ಪ್ರಮಾಣವನ್ನು ಮೀರದೆ ಬಳಸತಕ್ಕದ್ದು.

ಕತ್ತರಿಸುವ ರೀತಿಯಿಂದಲೂ ಹುಲ್ಲು ಕಂದಾಗುತ್ತದೆ. ಮೊಂಡಾದ ಅಲಗು ಎಲೆಯನ್ನು ಕೊಯ್ಯದೆ ಹರಿಯುತ್ತದೆ; ಹರಿದ ತುದಿ ಒಣಗಿ ಹುಲ್ಲೆಲ್ಲ ಮಾಸಿದಂತೆ ತೋರುತ್ತದೆ. ಉಬ್ಬಿದ ನೆಲದಲ್ಲಿ ಯಂತ್ರವು ಬುಡದವರೆಗೂ ಬೋಳಿಸುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬುದು ಒಳ್ಳೆಯ ನಿಯಮ. ಮನೆಯ ಗರಿಕೆಯನ್ನು ಒಂದರಿಂದ ಒಂದೂವರೆ ಅಂಗುಲ, ಅಗಲ ಎಲೆಯ ಹುಲ್ಲನ್ನು ಎರಡರಿಂದ ಮೂರಂಗುಲ ಬಿಡುವುದು ಲೇಸು.

ನಿಜವಾಗಿ ಸತ್ತ ಭಾಗವನ್ನು ಮುಂಗಾರಿನ ಪ್ರಾರಂಭದಲ್ಲಿ ಸರಿಪಡಿಸಬೇಕು. ಸತ್ತ ಹುಲ್ಲನ್ನು ತೆಗೆದು, ಆರಂಗುಲ ಆಳ ಸಡಿಲಿಸಿ, ಮರಳನ್ನೂ ಹಳೆಯ ಗೊಬ್ಬರವನ್ನೂ ಸೇರಿಸಿ, ಗೆಣ್ಣುಗಳಿರುವ ಗರಿಕೆಯ ತುಂಡುಗಳನ್ನು ಮೂರು ನಾಲ್ಕು ಅಂಗುಲಕ್ಕೊಂದರಂತೆ ನೆಟ್ಟರೆ, ಮಳೆಗಾಲ ಮುಗಿಯುವುದರೊಳಗೆ ನೆಲವು ಮುಚ್ಚಿಕೊಳ್ಳುತ್ತದೆ. ಆದರೆ ಮಾವಿನ ಮರದಡಿಯಲ್ಲಿ, ಎತ್ತರದ ಗೋಡೆಯ ಮಗ್ಗುಲಲ್ಲಿ ಗರಿಕೆಯನ್ನು ಮತ್ತೆ ಮತ್ತೆ ನೆಡುವುದು ವ್ಯರ್ಥಪ್ರಯಾಸ. ಗರಿಕೆಯು ಸೂರ್ಯನ ಕೂಸು. ದಿನಕ್ಕೆ ಆರು ಗಂಟೆಯ ಬಿಸಿಲಾದರೂ ಅದಕ್ಕೆ ಬೇಕು. ಅಂತಹ ಕಡೆ ನೆರಳನ್ನು ಸಹಿಸುವ ಗಿಡಗಳನ್ನು ಇಟ್ಟು, ಅಥವಾ ಕಲ್ಲು ಹಾಸಿ, ಮರದ ತಂಪನ್ನು ಅನುಭವಿಸುವುದೇ ಬುದ್ಧಿವಂತಿಕೆ.

ಮುಂದಿನ ಸಲ ಕಂದು ಕಲೆ ಕಂಡಾಗ ನಲ್ಲಿಯ ಕಡೆಗೂ ಅಂಗಡಿಯ ಕಡೆಗೂ ಓಡದೆ, ಮೊದಲು ಕಲೆಯ ಬಳಿ ಮಂಡಿಯೂರಿ ಕುಳಿತುಕೊಳ್ಳೋಣ. ಆಕಾರವೇನು, ಕಾಲವೇನು, ಮೊಳೆ ಇಳಿಯುವುದೇ, ಎಳೆದರೆ ಬೇರು ಬರುವುದೋ ಎಲೆ ಮಾತ್ರ ಬರುವುದೋ, ಗೆಣ್ಣು ಬದುಕಿದೆಯೇ ಎಂಬ ಐದು ಪ್ರಶ್ನೆಗಳನ್ನು ಕೇಳೋಣ. ಹತ್ತು ನಿಮಿಷದ ಈ ವಿಚಾರಣೆಯಿಂದ ನೀರೂ ಹಣವೂ ಉಳಿಯುತ್ತವೆ. ತಪ್ಪಿಲ್ಲದ ಮಾಲಿಯು ಬೈಗುಳದಿಂದ ಪಾರಾಗುತ್ತಾನೆ.