ಮುನ್ನೂರು ದಿನ ಕಾದು ಕೂರುವ ಕಂಪ್ಯೂಟರು

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಕಡೆಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಹಿರಿಯರು. ಬೆಳೆಸಾಲದ ಕಂತು ಕಟ್ಟಿ, ರಸೀದಿ ತಗೊಂಡು, ಹನ್ನೊಂದೂವರೆಯ ಬಸ್ಸು ಹಿಡಿಯಬೇಕಿತ್ತು ಅವರು. ಕೌಂಟರಿನ ಹುಡುಗಿ ಕಂಪ್ಯೂಟರಿನ ಬಟನ್ ಒತ್ತಿ, "ಅಜ್ಜಾ, ಸಿಸ್ಟಂ ಆನ್ ಆಗ್ಲಿ, ಸ್ವಲ್ಪ ಕೂತ್ಕೊಂಡಿರಿ" ಅಂದಳು. "ಆಗ್ಲಿ ಬಿಡವ್ವ" ಅಂದರು ಅವರು. ಪರದೆ ಬರಲು ನಾಲ್ಕು ನಿಮಿಷ, ಬ್ರೌಸರು ತೆರೆಯಲು ಇನ್ನೆರಡು, ಆಮೇಲೆ ಒಮ್ಮೆ ಹ್ಯಾಂಗ್ ಆಗಿ ಮತ್ತೆ ಮೊದಲಿಂದ. ರಸೀದಿ ಕೈಗೆ ಬರುವ ಹೊತ್ತಿಗೆ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಎರಡು ಗಂಟೆಗೆ.

"ತೀರಾ ಹಳೇದು ಸಾರ್. ಗುಜರಿಗೆ ಹಾಕಿ ಹೊಸದು ತರಿಸ್ಬೇಕು ಅಂತ ಮೀಟಿಂಗಲ್ಲಿ ಇಟ್ಟಿದೀವಿ" ಎಂದರು ಕಾರ್ಯದರ್ಶಿ.

ಅವರ ಒಪ್ಪಿಗೆ ಪಡೆದು ಮೇಜಿನ ಕೆಳಗಿದ್ದ ಸಿಪಿಯು ಪೆಟ್ಟಿಗೆಯನ್ನು ಹೊರಗೆಳೆದೆ. ಆಯುಧಪೂಜೆಗೆ ಹಚ್ಚಿದ ವಿಭೂತಿ, ಕುಂಕುಮ ಮುಂಭಾಗದಲ್ಲಿ ಇನ್ನೂ ಇತ್ತು. ಪಕ್ಕದ ತಗಡು ಬಿಚ್ಚಿದರೆ ಒಳಗೆ ಫ್ಯಾನಿನ ಸುತ್ತ ಹತ್ತಿಯ ಹಾಗೆ ಕಟ್ಟಿಕೊಂಡ ಧೂಳು, ಒಂದು ಒಣಗಿದ ಸೇವಂತಿಗೆ ಎಸಳು. ಮದರ್‌ಬೋರ್ಡಿನ ಮೇಲೆ ಇಂಟೆಲ್ ಕೋರ್ 2 ಡ್ಯುಯೋ ಪ್ರೊಸೆಸರು, 2 ಗಿಗಾಹರ್ಟ್ಸ್. 4 ಜಿಬಿ ರ್‍ಯಾಮ್. 320 ಜಿಬಿಯ ಹಾರ್ಡ್ ಡಿಸ್ಕ್. ಇಷ್ಟೇ. ಅಂಗಡಿಯವರು ತಿರುಗಿಯೂ ನೋಡದ ಸರಕು ಇದು. ಆದರೆ ಈ ಮೂರು ಅಂಕಿಗಳನ್ನು ಹಿಡಿದು ಲೆಕ್ಕ ಹಾಕುತ್ತಾ ಹೋದಂತೆ ನನಗೆ ಆ ಪೆಟ್ಟಿಗೆಯ ಮುಂದೆ ಕೈಮುಗಿಯಬೇಕು ಅನ್ನಿಸಿತು.

2 ಗಿಗಾಹರ್ಟ್ಸ್ ಅಂದರೆ ಒಂದು ಸೆಕೆಂಡಿಗೆ 200 ಕೋಟಿ ಟಿಕ್. ನೀವು ಸೆಕೆಂಡಿಗೆ ಒಂದರಂತೆ ಊಟ, ನಿದ್ದೆ ಬಿಟ್ಟು ಎಣಿಸಿದರೂ 200 ಕೋಟಿ ಮುಟ್ಟಲು 63 ವರ್ಷ ಬೇಕು. ಹುಟ್ಟಿದ ದಿನ ಎಣಿಕೆ ಶುರು ಮಾಡಿದವರು ನಮ್ಮ ರಾಜ್ಯದ ಸರ್ಕಾರಿ ನೌಕರಿಯಿಂದ 60ಕ್ಕೆ ನಿವೃತ್ತರಾಗಿ, ಮತ್ತೆ ಮೂರು ವರ್ಷ ಎಣಿಸಬೇಕು. ಈ ಪೆಟ್ಟಿಗೆಗೆ ಅದು ಒಂದು ಸೆಕೆಂಡಿನ ಕೆಲಸ. ಒಂದು ಟಿಕ್ಕಿಗೂ ಮುಂದಿನ ಟಿಕ್ಕಿಗೂ ನಡುವೆ ಎಷ್ಟು ಬಿಡುವು? ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆ. ಆ ಬಿಡುವಿನಲ್ಲಿ ಅದು ಸಾಗುವ ದೂರ 15 ಸೆಂಟಿಮೀಟರು, ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲಿನಷ್ಟು. ಬೆಳಕು ಆ ಸ್ಕೇಲಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ "ತೀರಾ ಹಳೇದು" ಅನ್ನಿಸಿಕೊಂಡ ಈ ಯಂತ್ರ ಮುಂದಿನ ಹೆಜ್ಜೆ ಇಟ್ಟಿರುತ್ತದೆ.

ರ್‍ಯಾಮ್ ನೋಡಿ. 1969ರ ಜುಲೈನಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿದಾಗ ನೌಕೆಯಲ್ಲಿದ್ದ ಕಂಪ್ಯೂಟರಿನ ತೂಕ ಸುಮಾರು 32 ಕಿಲೋ. ಕೆಲಸ ಮಾಡುವಾಗ ಬರೆದು ಅಳಿಸಲು ಅದಕ್ಕಿದ್ದ ಜಾಗ 2,048 ಪದಗಳು, ಅಂದರೆ ಸುಮಾರು 4 ಕಿಲೋಬೈಟ್. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಯೂ ಸಾಮಾನ್ಯವಾಗಿ 3 ಬೈಟ್ ತಿನ್ನುತ್ತದೆ. 'ಸ್ತ್ರೀ' ಅನ್ನುವ ಒಂದೇ ಅಕ್ಷರದಲ್ಲಿ ಆರು ಚಿಹ್ನೆಗಳಿವೆ, 18 ಬೈಟ್. ಹಾಗಾಗಿ ಚಂದ್ರನಿಗೆ ಹೋದ ಕಂಪ್ಯೂಟರಿನ ಆ ಜಾಗದಲ್ಲಿ ಹೆಚ್ಚೆಂದರೆ ಒಂದು ಪುಟ ಕನ್ನಡ ಹಿಡಿಸೀತು. ಈ ಲೇಖನ ಪೂರ್ತಿ ಹಿಡಿಸದು. ಪ್ರೋಗ್ರಾಮುಗಳಿಗೆ ಇನ್ನೊಂದು 36,864 ಪದಗಳ ಸ್ಮೃತಿ ಇತ್ತು. ಅದನ್ನು ಅಮೆರಿಕದ ಮ್ಯಾಸಚೂಸೆಟ್ಸಿನ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ತಂತಿಯನ್ನು ಪುಟ್ಟ ಪುಟ್ಟ ಬಳೆಗಳಲ್ಲಿ ತೂರಿಸಿ ಕೈಯಲ್ಲೇ ನೇಯ್ದಿದ್ದರು. ತಂತಿ ಬಳೆಯ ಒಳಗೆ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಕಂಪ್ಯೂಟರಿನ ಇತಿಹಾಸದಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ಸಂಗತಿ ಇದು.

ಇಳಿಯುವ ಕೊನೆಯ ನಿಮಿಷಗಳಲ್ಲಿ ಆ ಕಂಪ್ಯೂಟರಿಗೆ ಕೆಲಸ ಹೆಚ್ಚಾಗಿ ಎಚ್ಚರಿಕೆಯ ದೀಪ ಹತ್ತಿತು, 1202 ಎಂಬ ಸಂಖ್ಯೆ ಬಂತು. ಅದು ಹ್ಯಾಂಗ್ ಆಗಲಿಲ್ಲ. ಮುಖ್ಯವಲ್ಲದ ಕೆಲಸಗಳನ್ನು ಕೈಬಿಟ್ಟು ಇಳಿಸುವ ಕೆಲಸವನ್ನು ಮುಂದುವರಿಸಿತು. ಈಗ ಸಂಘದ ಪೆಟ್ಟಿಗೆಗೆ ಬನ್ನಿ. 4 ಜಿಬಿಯನ್ನು 4 ಕಿಲೋಬೈಟಿನಿಂದ ಭಾಗಿಸಿ: 10,48,576. ಹತ್ತು ಲಕ್ಷಕ್ಕೂ ಮಿಕ್ಕಿದ ಚಂದ್ರಯಾನಗಳ ಸ್ಮೃತಿ ಆ ಕುಂಕುಮ ಹಚ್ಚಿದ ಡಬ್ಬಿಯೊಳಗಿತ್ತು. ಅದರಿಂದ ಒಬ್ಬ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ರಸೀದಿ ಕೊಡಲು ಆಗಲಿಲ್ಲ.

ಯಾಕೆ? ಉತ್ತರ ಮೂರನೆಯ ಅಂಕಿಯಲ್ಲಿದೆ, ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ಒಂದು ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಮೇಲೆ ಗ್ರಾಮಫೋನಿನ ಹಾಗೆ ಒಂದು ತೋಳು. ಬೇಕಾದ ಮಾಹಿತಿ ಇರುವ ಜಾಡಿಗೆ ತೋಳು ಸರಿಯಲು ಸುಮಾರು 9 ಮಿಲಿಸೆಕೆಂಡು. ಆ ಜಾಗ ತಿರುಗಿ ತೋಳಿನ ಕೆಳಗೆ ಬರಲು ಸರಾಸರಿ ಇನ್ನೊಂದು 4. ಒಟ್ಟು 13 ಮಿಲಿಸೆಕೆಂಡು. ನಮಗೆ ಇದು ರೆಪ್ಪೆ ಬಡಿದಷ್ಟೂ ಅಲ್ಲ. ಪ್ರೊಸೆಸರಿಗೆ ಇದು 2.6 ಕೋಟಿ ಟಿಕ್.

ಒಂದು ಟಿಕ್ಕನ್ನು ಒಂದು ಸೆಕೆಂಡು ಅಂದುಕೊಳ್ಳಿ, ಪ್ರೊಸೆಸರನ್ನು ಮೇಜಿನ ಹಿಂದೆ ಕೂತ ಗುಮಾಸ್ತ ಅಂದುಕೊಳ್ಳಿ. ಅವನಿಗೊಂದು ಕಡತ ಬೇಕು. ರ್‍ಯಾಮ್‌ನಲ್ಲಿದ್ದರೆ ಎರಡು ಮೂರು ನಿಮಿಷದಲ್ಲಿ ಕೈಗೆ ಸಿಗುತ್ತದೆ, ಎದ್ದು ಬೀರುವಿನ ತನಕ ಹೋಗಿ ಬಂದ ಹಾಗೆ. ಹಾರ್ಡ್ ಡಿಸ್ಕಿನಲ್ಲಿದ್ದರೆ? 2.6 ಕೋಟಿ ಸೆಕೆಂಡು ಅಂದರೆ 300 ದಿನ. ಯುಗಾದಿಯ ದಿನ ಕಡತ ತರಲು ಹೊರಟ ಜವಾನ ಸಂಕ್ರಾಂತಿಗೆ ವಾಪಸು ಬರುತ್ತಾನೆ. ಅಷ್ಟು ದಿನವೂ ಗುಮಾಸ್ತ ಆ ಕಡತಕ್ಕಾಗಿ ಕಾದು ಕೂತಿರಬೇಕು. ಕಂಪ್ಯೂಟರು ಆನ್ ಆಗುವಾಗ ಇಂಥ ಓಡಾಟ ಒಂದಲ್ಲ, ಸಾವಿರಾರು. ರ್‍ಯಾಮ್ ತುಂಬಿದರೆ ಅಲ್ಲಿದ್ದುದನ್ನೂ ಡಿಸ್ಕಿಗೆ ಸಾಗಿಸಿ, ಮತ್ತೆ ಬೇಕಾದಾಗ ತರಿಸುವ ಪಾಡು ಬೇರೆ. ಸಂಘದಲ್ಲಿ ನಾವು ಕಾದ ನಾಲ್ಕು ನಿಮಿಷದಲ್ಲಿ ಪ್ರೊಸೆಸರು ಬಹುಪಾಲು ಸುಮ್ಮನೆ ಕೂತಿತ್ತು. ಅದಕ್ಕೆ ವಯಸ್ಸಾಗಿರಲಿಲ್ಲ.

ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿ ಎಂಬುದರಲ್ಲಿ ತಿರುಗುವ ತಟ್ಟೆ ಇಲ್ಲ, ತೋಳು ಇಲ್ಲ. ಕೇಳಿದ ಮಾಹಿತಿ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ನಮ್ಮ ಗುಮಾಸ್ತನ ಲೆಕ್ಕದಲ್ಲಿ ಸೋಮವಾರ ಬೆಳಿಗ್ಗೆ ಹೊರಟ ಜವಾನ ಬುಧವಾರ ಸಂಜೆಗೆ ಬಂದ. ಹತ್ತು ತಿಂಗಳ ಪ್ರಯಾಣ ಎರಡು ಚಿಲ್ಲರೆ ದಿನಕ್ಕೆ ಇಳಿಯಿತು. ನಾನು ತಂದ 240 ಜಿಬಿಯ ಎಸ್‌ಎಸ್‌ಡಿಗೆ ಆಗ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ.

ಅಂಗೈಗಿಂತ ಚಿಕ್ಕದಾದ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದಾಗ ಇನ್ನೊಂದು ಲೆಕ್ಕ ಹೊಳೆಯಿತು. 1956ರಲ್ಲಿ ಐಬಿಎಂ ಕಂಪನಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಮಾರಾಟಕ್ಕೆ ತಂದಿತು. 24 ಇಂಚು ಅಗಲದ 50 ತಟ್ಟೆಗಳು, ಹತ್ತಿರ ಹತ್ತಿರ ಒಂದು ಟನ್ ತೂಕ. ಹಿಡಿಸುತ್ತಿದ್ದದ್ದು 50 ಲಕ್ಷ ಇಂಗ್ಲಿಷ್ ಅಕ್ಷರ. ನನ್ನ ಕೈಯಲ್ಲಿದ್ದ ಡಬ್ಬಿಗೆ ಸಾಟಿಯಾಗಲು ಅಂಥವು 48 ಸಾವಿರ ಬೇಕು. ಹತ್ತು ಟನ್ನಿನ ಲಾರಿಗಳಲ್ಲಿ ತುಂಬಿದರೆ 4,800 ಲೋಡು.

ನಮ್ಮ ನೆಲದ ಲೆಕ್ಕವನ್ನೇ ಹಾಕೋಣ. ಕರ್ನಾಟಕದಲ್ಲಿ 'ಭೂಮಿ' ಯೋಜನೆ ಶುರುವಾದಾಗ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾದದ್ದು ಆಗ. ಒಂದೊಂದು ಪಹಣಿಗೆ 4 ಸಾವಿರ ಬೈಟ್ ಅಂತ ಧಾರಾಳವಾಗಿ ಹಿಡಿದರೂ 2 ಕೋಟಿ ಪಹಣಿಗೆ 80 ಜಿಬಿ. ಇಡೀ ರಾಜ್ಯದ ಹೊಲ, ಗದ್ದೆ, ತೋಟಗಳ ಲೆಕ್ಕ ಆ ಪುಟ್ಟ ಡಬ್ಬಿಯಲ್ಲಿ ಮೂರು ಸಲ ಹಿಡಿಸುತ್ತದೆ.

ಇಷ್ಟೆಲ್ಲ ಶಕ್ತಿ ಇದ್ದೂ ಯಂತ್ರ 'ಹಳತು' ಆಗುವುದು ಹೇಗೆ? 1995ರಲ್ಲಿ ವಿಂಡೋಸ್ 95 ಕನಿಷ್ಠ 4 ಎಂಬಿ ರ್‍ಯಾಮ್ ಕೇಳಿತು. 2001ರ ಎಕ್ಸ್‌ಪಿ 64 ಎಂಬಿ ಕೇಳಿತು. ಕನ್ನಡಕ್ಕೆ ತನ್ನೊಳಗೇ ಬೆಂಬಲ ಇದ್ದ ಮೊದಲ ವಿಂಡೋಸ್ ಅದು, 'ತುಂಗಾ' ಫಾಂಟು ಬಂದದ್ದು ಅದರ ಜೊತೆ. 2021ರ ವಿಂಡೋಸ್ 11 ಕೇಳಿದ್ದು 4 ಜಿಬಿ. 26 ವರ್ಷದಲ್ಲಿ 1,024 ಪಟ್ಟು. ಈ ಅವಧಿಯಲ್ಲಿ ಸಂಘದ ರಸೀದಿಯಲ್ಲಿ ಏನು ಬೆಳೆದಿದೆ? ಹೆಸರು, ಖಾತೆ ನಂಬರು, ಮೊತ್ತ, ತಾರೀಕು. ಅಂದೂ ಇಷ್ಟೇ, ಇಂದೂ ಇಷ್ಟೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು, ಹೊಸ ಪೀಳಿಗೆಯ ಪ್ರೊಸೆಸರು ಬೇಕು. ಇದರಿಂದ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದು ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಎಸೆದರೂ 24 ಕೋಟಿ ಮುಗಿಯಲು ಏಳೂವರೆ ವರ್ಷ. ಎಲ್ಲವನ್ನೂ 2 ಸೆಂಟಿಮೀಟರು ದಪ್ಪದ, ಮಡಚಿದ ಲ್ಯಾಪ್‌ಟಾಪ್ ಅಂದುಕೊಂಡು ಒಂದರ ಮೇಲೊಂದು ಪೇರಿಸಿದರೆ 4,800 ಕಿಲೋಮೀಟರು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಇರುವ ದೂರದ ಒಂದೂವರೆ ಪಟ್ಟು. ಅವುಗಳಲ್ಲಿ ಬಹುಪಾಲು ಇನ್ನೂ ಓಡುವ ಯಂತ್ರಗಳು. ನನಗೆ ಸಂಕಟವಾಗುವುದು ಇಲ್ಲಿ.

ಒಂದು ಕಂಪ್ಯೂಟರು ಹುಟ್ಟಲು ಭೂಮಿ ಏನು ಕೊಟ್ಟಿರುತ್ತದೆ ಎಂಬುದನ್ನು 2004ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನ ಲೆಕ್ಕ ಹಾಕಿತ್ತು. ಒಂದು ಮೇಜು ಕಂಪ್ಯೂಟರು ಮತ್ತು 17 ಇಂಚಿನ ಹಳೆಯ ಮಾದರಿ ಮಾನಿಟರಿಗೆ 240 ಕಿಲೋ ಕಲ್ಲಿದ್ದಲು, ಎಣ್ಣೆಯಂಥ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು. ಯಂತ್ರದ ತೂಕದ ಹತ್ತು ಪಟ್ಟು ಇಂಧನ ಅದು ಅಂಗಡಿಗೆ ಬರುವ ಮೊದಲೇ ಉರಿದಿರುತ್ತದೆ. ಇನ್ನು ಸಾವಿನ ಲೆಕ್ಕ: 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. 40 ಟನ್ನಿನ ಲಾರಿಗಳಿಗೆ ತುಂಬಿ ಒಂದರ ಹಿಂದೊಂದು ನಿಲ್ಲಿಸಿದರೆ ಭೂಮಧ್ಯರೇಖೆಯನ್ನು ಒಂದು ಸುತ್ತು ಬರುತ್ತದೆ. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕ ಸಿಕ್ಕಿದ್ದು ಶೇ 22.3ರಷ್ಟಕ್ಕೆ ಮಾತ್ರ.

ಹಳೆಯ ವಿಂಡೋಸನ್ನು ಹಾಗೇ ಇಂಟರ್ನೆಟ್ಟಿಗೆ ಬಿಟ್ಟುಕೊಂಡಿರಿ ಅಂತ ನಾನು ಹೇಳುವುದಿಲ್ಲ. 2017ರ ಮೇ 12ರಂದು 'ವಾನಾಕ್ರೈ' ಎಂಬ ಹಾವಳಿ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ವಿಂಡೋಸಿನಲ್ಲಿ ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟು 59 ದಿನ ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ಯಂತ್ರವನ್ನು ಉಳಿಸಿ, ಬೆಂಬಲ ನಿಂತ ವ್ಯವಸ್ಥೆಯನ್ನು ಬದಲಿಸಿ ಎಂಬುದು ನನ್ನ ಮಾತು.

ಬದಲಿಗೆ ಲಿನಕ್ಸ್ ಇದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹತ್ತು ಸಾವಿರ ಸಾಲುಗಳಲ್ಲಿ ಶುರು ಮಾಡಿದ್ದು 2025ಕ್ಕೆ 4 ಕೋಟಿ ಸಾಲು ದಾಟಿದೆ. ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ 500ಕ್ಕೆ 500 ಇದರ ಮೇಲೆಯೇ ಓಡುತ್ತಿವೆ. ಅದೇ ಲಿನಕ್ಸಿನ 'ಮಿಂಟ್' ಎಂಬ ಅವತಾರ 2 ಜಿಬಿ ರ್‍ಯಾಮಿನಲ್ಲೂ ಕೂರುತ್ತದೆ, ಪುಕ್ಕಟೆ ಸಿಗುತ್ತದೆ, ಕನ್ನಡ ಬರೆಯುತ್ತದೆ.

ಸಂಘದ ಲೆಕ್ಕವೆಲ್ಲ ಈಗ ಬ್ರೌಸರಿನಲ್ಲೇ ನಡೆಯುವುದರಿಂದ ಕೆಲಸ ಸಲೀಸಾಯಿತು. ಬ್ರಶ್ ಹಿಡಿದು ಧೂಳು ತೆಗೆದೆ, ಎಸ್‌ಎಸ್‌ಡಿ ಕೂರಿಸಿದೆ, ಮಿಂಟ್ ಹಾಕಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಅರ್ಧ ಗಂಟೆ ಸತಾಯಿಸಿ ಆಮೇಲೆ ಒಪ್ಪಿಕೊಂಡಿತು. ಮಾರನೆಯ ದಿನ ಹುಡುಗಿ ಬಟನ್ ಒತ್ತಿದಾಗ ಗಡಿಯಾರ ನೋಡಿಕೊಂಡೆ. ನಾಲ್ಕು ನಿಮಿಷ ಇದ್ದದ್ದು 28 ಸೆಕೆಂಡಾಗಿತ್ತು. ಅವಳು ಕೂತಲ್ಲಿಂದ ತಿರುಗಿ, "ಸಾರ್, ಹೊಸ ಸಿಪಿಯು ಇಟ್ರಾ?" ಅಂದಳು. ಕುಂಕುಮ ತೋರಿಸಿದೆ.

ನಿಮ್ಮ ಕಚೇರಿಯಲ್ಲೋ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇಂಥ ಒಂದು ಪೆಟ್ಟಿಗೆ ಗುಜರಿಯವನಿಗಾಗಿ ಕಾದಿದ್ದರೆ, ಕೊಡುವ ಮುನ್ನ ಒಮ್ಮೆ ಪಕ್ಕದ ತಗಡು ಬಿಚ್ಚಿಸಿ ನೋಡಿ. ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕೇ ಆದರೆ ಎಸ್‌ಎಸ್‌ಡಿ ಹಾಕಿಸಿ. ನಿಮ್ಮ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಡಾಂಗಲ್ ಲಿನಕ್ಸಿನಲ್ಲಿ ಓಡುತ್ತವೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಹಳೆಯ ಡಿಸ್ಕನ್ನು ಬಿಚ್ಚುವ ಮೊದಲು ಡೇಟಾ ಬ್ಯಾಕಪ್ ತೆಗೆದಿಟ್ಟುಕೊಳ್ಳಿ, ಎರಡು ಕಡೆ.