ಬೆಕ್ಕಿಗೆ ಹೆಸರಿತ್ತು, ಬಿಡಿಸಿದವರಿಗೆ ಇರಲಿಲ್ಲ

ಮಿಕ್ಕಿ ಮೌಸ್ ಹುಟ್ಟುವುದಕ್ಕೆ ಮೊದಲು, 1920ರ ದಶಕದ ಮೂಕಿಚಿತ್ರಗಳ ಕಾಲದಲ್ಲಿ, ಸಿನಿಮಾ ಮಂದಿರಗಳಲ್ಲಿ ಎಲ್ಲರೂ ಗುರುತಿಸುತ್ತಿದ್ದ ಕಾರ್ಟೂನ್ ಪಾತ್ರವೆಂದರೆ ಫೀಲಿಕ್ಸ್ ಎಂಬ ಕಪ್ಪು ಬೆಕ್ಕು. 1928ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಟೆಲಿವಿಷನ್ ಪ್ರಯೋಗ ನಡೆಸಿದಾಗ ಕ್ಯಾಮೆರಾದ ಮುಂದೆ, ತಿರುಗುವ ಮಣೆಯ ಮೇಲೆ ನಿಲ್ಲಿಸಿದ್ದು ಫೀಲಿಕ್ಸ್‌ನ ಬೊಂಬೆಯನ್ನೇ. ಈ ಬೆಕ್ಕಿನ ಚಿತ್ರಗಳ ಜೊತೆ ಜನರ ಕಣ್ಣಿಗೆ ಬೀಳುತ್ತಿದ್ದ ಹೆಸರು ನ್ಯೂಯಾರ್ಕಿನ ಸ್ಟುಡಿಯೋ ಮಾಲೀಕ ಪ್ಯಾಟ್ ಸಲಿವನ್ ಅವರದು. ಕಥೆ ಹೊಸೆದು, ನಡಿಗೆ ರೂಪಿಸಿ, ವರ್ಷಗಟ್ಟಲೆ ಆ ಚಿತ್ರಗಳನ್ನು ನಿರ್ದೇಶಿಸಿದ ಆಟೋ ಮೆಸ್ಮರ್ ಅವರ ಹೆಸರು ಪರದೆಯ ಮೇಲೆ ಬರಲಿಲ್ಲ. ಸಲಿವನ್ 1933ರಲ್ಲಿ ತೀರಿಕೊಂಡರು. ಮೆಸ್ಮರ್ ಆಮೇಲೆ ಐವತ್ತು ವರ್ಷ ಬದುಕಿದ್ದರು. ಫೀಲಿಕ್ಸ್‌ನ ಪತ್ರಿಕಾ ಚಿತ್ರಕಥೆಯನ್ನು ಬರೆದರು, ಟೈಮ್ಸ್ ಚೌಕದ ವಿದ್ಯುತ್ ಫಲಕಗಳಿಗೆ ಚಲಿಸುವ ಚಿತ್ರ ರಚಿಸಿದರು, ಆದರೆ ತನ್ನ ಬೆಕ್ಕಿನ ಮೇಲೆ ಹಕ್ಕು ಕೇಳಲು ಹೋಗಲಿಲ್ಲ. 1967ರಲ್ಲಿ ಮಾಂಟ್ರಿಯಲ್‌ನ ವಿಶ್ವ ಅನಿಮೇಷನ್ ಸಿಂಹಾವಲೋಕನದಲ್ಲಿ ಅವರಿಗೆ ಗೌರವ ಸಂದಿತು. ಅವರ ಬದುಕು ಮತ್ತು ಕೆಲಸದ ಪೂರ್ತಿ ಕಥೆ ಹೊರಬಂದದ್ದು ಮಾತ್ರ 1977ರ ಒಂದು ಸಾಕ್ಷ್ಯಚಿತ್ರ ಮತ್ತು 1991ರ ಒಂದು ಪುಸ್ತಕದಿಂದ. ಎರಡನ್ನೂ ಮಾಡಿದವರು ಜಾನ್ ಕೇನ್‌ಮೇಕರ್.

ಕೇನ್‌ಮೇಕರ್ ಸ್ವತಃ ಅನಿಮೇಟರ್, ಜೊತೆಗೆ ಅನಿಮೇಷನ್ನಿನ ಇತಿಹಾಸಕಾರರು. ಇವು ಎರಡು ಬೇರೆ ಬೇರೆ ವೃತ್ತಿಗಳು, ಒಬ್ಬರಲ್ಲಿ ಆಕಸ್ಮಿಕವಾಗಿ ಕೂಡಿವೆ ಎಂದು ಅವರ ಪರಿಚಯ ಬರೆಯುವವರು ಸಾಮಾನ್ಯವಾಗಿ ಭಾವಿಸುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಅವರು ಮೇಜಿನ ಮುಂದೆ ಕೂತು ಚಿತ್ರ ಬಿಡಿಸಬಲ್ಲವರಾಗಿದ್ದರಿಂದಲೇ ಹಳೆಯ ಕಾರ್ಟೂನುಗಳ ಚರಿತ್ರೆಯನ್ನು ಬರೆಯಲು ಸಾಧ್ಯವಾಯಿತು. ಆ ಚರಿತ್ರೆ ಬರೆದಿದ್ದರಿಂದಲೇ ಅವರ ಅತ್ಯುತ್ತಮ ಚಿತ್ರ ಹುಟ್ಟಿತು. ಇದಕ್ಕೆ ಕಾರಣ ಈ ಕಲೆಯ ಸ್ವಭಾವದಲ್ಲೇ ಇದೆ. ಸಿನಿಮಾ ನಟರ ಮುಖ ಪರದೆಯ ಮೇಲೆ ಕಾಣುತ್ತದೆ, ಕಾದಂಬರಿಕಾರರ ಹೆಸರು ರಕ್ಷಾಪುಟದ ಮೇಲಿರುತ್ತದೆ. ಕಾರ್ಟೂನಿನಲ್ಲಿ ನಟಿಸಿದ ಕೈ ಪರದೆಯ ಹಿಂದೆಯೇ ಉಳಿಯುತ್ತದೆ. ಒಬ್ಬರು ಮುಖ್ಯ ಭಂಗಿಗಳನ್ನು ಬಿಡಿಸುತ್ತಾರೆ, ಇನ್ನೊಬ್ಬರು ನಡುವಿನ ಚಿತ್ರಗಳನ್ನು ತುಂಬುತ್ತಾರೆ, ಮತ್ತೊಬ್ಬರು ಶಾಯಿಯಲ್ಲಿ ಗೆರೆ ತಿದ್ದುತ್ತಾರೆ, ಬಣ್ಣ ಹಚ್ಚುವವರು ಬೇರೆಯೇ. ನೂರು ಜನರ ಕೆಲಸ ಒಬ್ಬನೇ ಬಿಡಿಸಿದಂತೆ ಕಾಣಬೇಕು ಎಂಬುದೇ ಸ್ಟುಡಿಯೋದ ಗುರಿ. ಆ ಗುರಿ ಈಡೇರಿದಷ್ಟೂ ಬಿಡಿಸಿದವರು ಮರೆಯಾಗುತ್ತಾರೆ. ವಾಲ್ಟ್ ಡಿಸ್ನಿಯವರ ಆರಂಭದ ಕಿರುಚಿತ್ರಗಳಲ್ಲಿ ಅನಿಮೇಟರುಗಳ ಪಟ್ಟಿಯೇ ಇರುತ್ತಿರಲಿಲ್ಲ. ಹಾಗಾಗಿ ಚಿತ್ರವನ್ನು ಎಷ್ಟು ಸಲ ನೋಡಿದರೂ ಯಾರು ಏನು ಮಾಡಿದರು ಎಂಬುದು ತಿಳಿಯದು. ಅದು ತಿಳಿಯಬೇಕಾದರೆ ಉಳಿದ ಕಾಗದಗಳನ್ನು ಹುಡುಕಬೇಕು, ಬದುಕಿರುವವರನ್ನು ಕೇಳಬೇಕು. ಏನು ಕೇಳಬೇಕೆಂಬುದು ಕಸುಬು ಬಲ್ಲವರಿಗೇ ಗೊತ್ತು.

ನ್ಯೂಯಾರ್ಕ್ ರಾಜ್ಯದ ವೇವರ್ಲಿಯಲ್ಲಿ 1943ರಲ್ಲಿ ಹುಟ್ಟಿದ ಕೇನ್‌ಮೇಕರ್ ಬೆಳೆದದ್ದು ಎಲ್ಮೈರಾ ಎಂಬ ಊರಿನಲ್ಲಿ. ಮೊದಲು ನಟರಾಗಿ ರಂಗಭೂಮಿಯಲ್ಲೂ ಟಿ.ವಿ. ಜಾಹೀರಾತುಗಳಲ್ಲೂ ದುಡಿದರು. ತಡವಾಗಿ, ಮೂವತ್ತರ ಹತ್ತಿರದಲ್ಲಿ, ಕಾಲೇಜಿಗೆ ಸೇರಿದಾಗ ಸಂನ್ಯಾಸಿನಿಯಾಗಿದ್ದ ಒಬ್ಬ ಅಧ್ಯಾಪಕಿಯ ಪ್ರೋತ್ಸಾಹದಿಂದ ಡಿಸ್ನಿ ಅನಿಮೇಷನ್ ಕುರಿತು ಪ್ರಬಂಧ ಬರೆಯಲು 1973ರಲ್ಲಿ ಕ್ಯಾಲಿಫೋರ್ನಿಯಾಗೆ ಹೋದರು. ಡಿಸ್ನಿ ಕಂಪನಿ ತನ್ನ ದಾಖಲೆಗಳ ಸಂಗ್ರಹಾಲಯ ತೆರೆದು ಆಗ ಮೂರೇ ವರ್ಷವಾಗಿತ್ತು. ಸ್ನೋ ವೈಟ್ ಕಾಲದ ಕಲಾವಿದರು ಇನ್ನೂ ಅಲ್ಲಿ ಕೆಲಸದಲ್ಲಿದ್ದರು. ಎರಡು ಬಾಗಿಲುಗಳೂ ಒಟ್ಟಿಗೆ ತೆರೆದಿದ್ದ ಕಾಲ ಅದು, ಹೆಚ್ಚು ದಿನ ಹಾಗಿರುವಂಥದ್ದಲ್ಲ. ಹದಿನೈದು ವರ್ಷ ತಡವಾಗಿದ್ದರೆ ಕಾಗದಗಳು ಸಿಗುತ್ತಿದ್ದವು, ಜನರಲ್ಲಿ ಹಲವರು ಸಿಗುತ್ತಿರಲಿಲ್ಲ.

ಅವರ ಮೊದಲ ದೊಡ್ಡ ಕೆಲಸ ವಿನ್ಸರ್ ಮೆಕೇ ಅವರ ಮೇಲೆ. 1914ರ ‘ಗರ್ಟಿ ದ ಡೈನೋಸಾರ್’ ಚಿತ್ರದ ಕರ್ತೃ ಮೆಕೇ. ವೇದಿಕೆಯ ಮೇಲೆ ಚಾಟಿ ಹಿಡಿದು ನಿಂತು, ಪರದೆಯ ಮೇಲಿನ ಡೈನೋಸಾರ್‌ಗೆ ಆಜ್ಞೆ ಕೊಡುತ್ತ ಜನರನ್ನು ಬೆರಗುಗೊಳಿಸಿದವರು. ಅವರು 1934ರಲ್ಲೇ ತೀರಿಕೊಂಡಿದ್ದರು. ಆದರೆ ಹುಡುಗನಾಗಿದ್ದಾಗ ಅವರಿಗೆ ನೆರವಾಗಿದ್ದ ಜಾನ್ ಫಿಟ್ಸಿಮನ್ಸ್ ಇನ್ನೂ ಇದ್ದರು. 1976ರಲ್ಲಿ ಕೇನ್‌ಮೇಕರ್ ಮಾಡಿದ ‘ರಿಮೆಂಬರಿಂಗ್ ವಿನ್ಸರ್ ಮೆಕೇ’ ಚಿತ್ರದಲ್ಲಿ ಆ ವೃದ್ಧರ ನೆನಪುಗಳಿವೆ. ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಬಳಕೆ ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಗರ್ಟಿ ಕತ್ತು ಎತ್ತಿದರೂ ಕಾಲು ಸರಿಸಿದರೂ ಹಿನ್ನೆಲೆಯ ಬಂಡೆ, ಬೆಟ್ಟ, ಕೆರೆಗಳನ್ನು ಪ್ರತಿಯೊಂದು ಕಾಗದದ ಮೇಲೂ ಹೊಸದಾಗಿ ನಕಲು ತೆಗೆಯಬೇಕಿತ್ತು. ಸಾವಿರಾರು ಹಾಳೆಗಳ ಮೇಲೆ ಆ ಕೆಲಸ ಮಾಡಿದವರು ಫಿಟ್ಸಿಮನ್ಸ್. ಮೆಕೇ ಗಡಿಯಾರ ಹಿಡಿದು ತಮ್ಮ ಉಸಿರಾಟದ ಕಾಲವನ್ನು ಅಳೆದು ಗರ್ಟಿಯ ಉಸಿರಿನ ಚಿತ್ರಗಳನ್ನು ಲೆಕ್ಕ ಹಾಕಿದರು ಎಂಬ ಸಂಗತಿಯೂ ಹಾಗೇ ದಾಖಲಾಗಿದೆ. ಮೆಕೇ ಮೊದಲ ಭಂಗಿಯನ್ನೂ ಕೊನೆಯ ಭಂಗಿಯನ್ನೂ ಬಿಡಿಸಿ, ನಡುವಿನದನ್ನು ಅರ್ಧ, ಮತ್ತೆ ಅದರ ಅರ್ಧ ಎಂದು ತುಂಬುತ್ತಿದ್ದ ಕ್ರಮವನ್ನು 1987ರಲ್ಲಿ ಬಂದ ಮೆಕೇ ಜೀವನಚರಿತ್ರೆ ವಿವರಿಸುತ್ತದೆ. ಮುಂದೆ ಸ್ಟುಡಿಯೋಗಳೆಲ್ಲ ಅನುಸರಿಸಿದ ಪದ್ಧತಿಯ ಬೀಜ ಇದರಲ್ಲಿದೆ. ಇದು ಗಾಸಿಪ್ ಅಲ್ಲ, ಕಸುಬಿನ ಒಳಗುಟ್ಟು. ಸಿನಿಮಾ ಇತಿಹಾಸಕಾರರಾದವರು ಮೆಕೇ ಯಾವ ಊರಲ್ಲಿ ಯಾವಾಗ ಪ್ರದರ್ಶನ ಕೊಟ್ಟರೆಂದು ಕೇಳುತ್ತಿದ್ದರು. ಕಾಗದಗಳು ಕದಲದಂತೆ ಹೇಗೆ ಒಂದರ ಮೇಲೊಂದು ಇಡುತ್ತಿದ್ದಿರಿ ಎಂದು ಕೇಳುವುದು ಅದೇ ಕೆಲಸದಲ್ಲಿ ಕೈ ಸೋತವರಿಗೆ ಮಾತ್ರ ಹೊಳೆಯುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ವಯಸ್ಸಾದವರ ನೆನಪನ್ನು ನಂಬಿ ಚರಿತ್ರೆ ಬರೆಯಬಹುದೇ? ಫೀಲಿಕ್ಸ್ ವಿಷಯದಲ್ಲಿ ಈ ಪ್ರಶ್ನೆ ನಿಜವಾಗಿ ಎದ್ದಿದೆ. ಸಲಿವನ್ ಆಸ್ಟ್ರೇಲಿಯಾದವರು. ಬೆಕ್ಕಿನ ಮೊದಲ ಚಿತ್ರವಾದ 1919ರ ‘ಫೀಲೈನ್ ಫಾಲೀಸ್’ನಲ್ಲಿ ಕಾಣುವ ಅಕ್ಷರಗಳು ಸಲಿವನ್ ಅವರ ಕೈಬರಹವನ್ನು ಹೋಲುತ್ತವೆ, ಆದ್ದರಿಂದ ಬೆಕ್ಕಿನ ನಿಜವಾದ ಸೃಷ್ಟಿಕರ್ತರು ಅವರೇ ಎಂದು ಆಸ್ಟ್ರೇಲಿಯಾದ ಕೆಲವು ಸಂಶೋಧಕರು ವಾದಿಸಿದ್ದಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಮಾಲೀಕರೂ ಒಮ್ಮೊಮ್ಮೆ ಪೆನ್ಸಿಲ್ ಹಿಡಿದಿದ್ದಿರಬಹುದು, ಮೊದಲ ಚಿತ್ರದಲ್ಲಿ ಅವರ ಪಾಲು ಇದ್ದಿರಬಹುದು. ಆದರೆ ಕೇನ್‌ಮೇಕರ್ ಮೆಸ್ಮರ್ ಒಬ್ಬರ ಮಾತನ್ನೇ ಹಿಡಿದು ಕೂರಲಿಲ್ಲ. ಅದೇ ಸ್ಟುಡಿಯೋದಲ್ಲಿ ದುಡಿದ ಇತರ ಅನಿಮೇಟರುಗಳ ಸಾಕ್ಷ್ಯವನ್ನೂ ಕೂಡಿಸಿದರು. ಆ ಅನಿಮೇಟರುಗಳು ಮೆಸ್ಮರ್ ಅವರ ಮಾತನ್ನು ಬೆಂಬಲಿಸಿದರು. ಒಂದು ಶೀರ್ಷಿಕೆಯ ಅಕ್ಷರ ಯಾರದೆಂಬುದು ಒಂದು ಚಿತ್ರದ ಒಂದು ಗಳಿಗೆಯ ಸಂಗತಿ. ಹತ್ತು ವರ್ಷ ಚಿತ್ರದಿಂದ ಚಿತ್ರಕ್ಕೆ ಆ ಬೆಕ್ಕು ಬೆನ್ನ ಹಿಂದೆ ಕೈಕಟ್ಟಿ, ತಲೆ ಬಗ್ಗಿಸಿ, ಯೋಚಿಸುತ್ತ ಶತಪಥ ಹಾಕುವಂತೆ ಮಾಡಿದವರು ಯಾರು ಎಂಬುದು ಬೇರೆ ಪ್ರಶ್ನೆ. ಪಾತ್ರದ ಹುಟ್ಟಿಗಿಂತ ಪಾತ್ರದ ವ್ಯಕ್ತಿತ್ವ ದೊಡ್ಡದು, ಆ ವ್ಯಕ್ತಿತ್ವ ಮೆಸ್ಮರ್ ಅವರದೇ ಎಂದು ಒಪ್ಪಲು ನನಗೆ ಇಷ್ಟು ಸಾಕ್ಷ್ಯ ಸಾಕು.

ಎರಡನೆಯ ಆಕ್ಷೇಪಣೆ ಡಿಸ್ನಿ ಕುರಿತ ಪುಸ್ತಕಗಳದ್ದು. ಫ್ರಾಂಕ್ ಥಾಮಸ್, ಆಲಿ ಜಾನ್ಸ್‌ಟನ್, ಮಿಲ್ಟ್ ಕಾಲ್ ಮೊದಲಾದ ಒಂಬತ್ತು ಹಿರಿಯ ಅನಿಮೇಟರುಗಳ ಮೇಲೆ 2001ರಲ್ಲಿ, ವರ್ಣವಿನ್ಯಾಸಕಿ ಮೇರಿ ಬ್ಲೇರ್ ಮೇಲೆ 2003ರಲ್ಲಿ ಬಂದ ಪುಸ್ತಕಗಳನ್ನು ಪ್ರಕಟಿಸಿದ್ದು ಡಿಸ್ನಿಯದೇ ಪ್ರಕಾಶನ. ಕಂಪನಿಯ ದುಡ್ಡಿನಲ್ಲಿ ಕಂಪನಿಯ ಚರಿತ್ರೆ ಬರೆದರೆ ಟೀಕೆಗೆ ಜಾಗವೆಲ್ಲಿ? ಈ ಎಚ್ಚರ ಬೇಕು, ಇಂಥ ಪುಸ್ತಕಗಳನ್ನು ಓದುವಾಗ ಅದನ್ನು ಬಿಡಬಾರದು. ಆದರೂ ಚಿತ್ರಗಳೆಲ್ಲ ಕಂಪನಿಯ ಸ್ವತ್ತಾಗಿರುವಾಗ, ಚಿತ್ರಗಳಿಲ್ಲದೆ ಚಿತ್ರಕಾರರ ಪುಸ್ತಕ ಮಾಡಲಾಗದು ಎಂಬುದನ್ನೂ ನೆನೆಯಬೇಕು. ಆ ಅವಕಾಶವನ್ನು ಕೇನ್‌ಮೇಕರ್ ಯಾರಿಗಾಗಿ ಬಳಸಿದರು ಎಂಬುದು ನನಗೆ ಮುಖ್ಯ. 1996ರ ‘ಬಿಫೋರ್ ದ ಅನಿಮೇಷನ್ ಬಿಗಿನ್ಸ್’ ಪುಸ್ತಕ ಪೂರ್ತಿ ಮೀಸಲಾದದ್ದು ಚಿತ್ರ ಶುರುವಾಗುವ ಮೊದಲು ಅದರ ಚಹರೆಯನ್ನು ಕಲ್ಪಿಸಿಕೊಟ್ಟ ಕಲಾವಿದರಿಗೆ. ಅವರ ಒಂದು ಗೆರೆಯೂ ಪರದೆಯ ಮೇಲೆ ನೇರವಾಗಿ ಬರುವುದಿಲ್ಲ. ಅವರಲ್ಲೊಬ್ಬರು ಟೈರಸ್ ವಾಂಗ್. ಚೀನಾದಿಂದ ಬಾಲ್ಯದಲ್ಲೇ ವಲಸೆ ಬಂದು, 1938ರಲ್ಲಿ ಡಿಸ್ನಿಯಲ್ಲಿ ನಡುವಿನ ಚಿತ್ರ ತುಂಬುವ ಕೆಳಗಿನ ಕೆಲಸಕ್ಕೆ ಸೇರಿದವರು. ‘ಬ್ಯಾಂಬಿ’ಯ ಕಾಡು ಎಲೆ ಎಲೆಯನ್ನೂ ತೋರಿಸದೆ ಮಂಜು, ನೆರಳುಗಳಲ್ಲಿ ಕರಗಿದಂತಿರುವುದು ಅವರು ಮಾಡಿದ ಚಿಕ್ಕ ಚಿಕ್ಕ ವರ್ಣಚಿತ್ರಗಳಿಂದ. 1941ರಲ್ಲಿ ಡಿಸ್ನಿ ಕಲಾವಿದರು ನಡೆಸಿದ ಮುಷ್ಕರದ ನಂತರ ಅವರನ್ನು ಕೆಲಸದಿಂದ ತೆಗೆದರು. ಚಿತ್ರದ ಶೀರ್ಷಿಕೆಯಲ್ಲಿ ಹಿನ್ನೆಲೆ ಕಲಾವಿದರ ಪಟ್ಟಿಯಲ್ಲಿ ಅವರದೂ ಒಂದು ಹೆಸರು, ಅಷ್ಟೇ. ಡಿಸ್ನಿ ಕಂಪನಿ ಅವರನ್ನು ಅಧಿಕೃತವಾಗಿ ಗೌರವಿಸಿದ್ದು 2001ರಲ್ಲಿ, ಈ ಪುಸ್ತಕ ಬಂದು ಐದು ವರ್ಷಗಳ ನಂತರ. ಕಂಪನಿಯ ಹೊಗಳುಭಟರಾದವರು ಸಂಸ್ಥಾಪಕರ ಪ್ರತಿಭೆಯನ್ನು ಇನ್ನಷ್ಟು ಹಿಗ್ಗಿಸುತ್ತಾರೆ. ಕೇನ್‌ಮೇಕರ್ ಆ ಪ್ರತಿಭೆಯನ್ನು ಹಲವರಿಗೆ ಹಂಚಿಕೊಟ್ಟರು, ಅದೂ ಕಂಪನಿಯ ಮನೆಯೊಳಗೇ ಕೂತು. ಮೇರಿ ಬ್ಲೇರ್ ಅವರ ಚಪ್ಪಟೆ ಆಕಾರಗಳೂ ದಿಟ್ಟ ಬಣ್ಣಗಳೂ ‘ಸಿಂಡ್ರೆಲಾ’, ‘ಆಲಿಸ್’, ‘ಪೀಟರ್ ಪ್ಯಾನ್’ ಚಿತ್ರಗಳಿಗೆ ಬರುವಷ್ಟರಲ್ಲಿ ಎಷ್ಟು ನಯವಾಗಿ, ಎಷ್ಟು ಸಪ್ಪೆಯಾಗಿಬಿಟ್ಟವು ಎಂಬುದು ಆ ಮೂಲಚಿತ್ರಗಳನ್ನು ಪುಟಗಟ್ಟಲೆ ಒಟ್ಟಿಗೆ ನೋಡಿದಾಗ ಯಾರ ಕಣ್ಣಿಗಾದರೂ ಹೊಡೆಯುತ್ತದೆ.

ಇಷ್ಟೆಲ್ಲ ಪುಸ್ತಕ ಬರೆಯುತ್ತ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಅನಿಮೇಷನ್ ಕಲಿಸುತ್ತ ಕೂತದ್ದರಿಂದ ಅವರ ಸ್ವಂತ ಚಿತ್ರಗಳ ಸಂಖ್ಯೆ ಕಡಿಮೆಯಾಯಿತಲ್ಲವೇ ಎಂದೂ ಕೇಳಬಹುದು. ಕಡಿಮೆಯಾಗಿದ್ದು ನಿಜ. ಆದರೆ 2005ರ ‘ದ ಮೂನ್ ಅಂಡ್ ದ ಸನ್’ ಚಿತ್ರವನ್ನು ಇತಿಹಾಸಕಾರರಲ್ಲದ ಅನಿಮೇಟರ್ ಮಾಡಲು ಸಾಧ್ಯವೇ ಇರಲಿಲ್ಲ. ಸುಮಾರು ಅರ್ಧ ಗಂಟೆಯ ಈ ಚಿತ್ರ ತೀರಿಹೋದ ತಂದೆಯ ಜೊತೆ ಮಗ ನಡೆಸುವ ಕಲ್ಪಿತ ಸಂಭಾಷಣೆ. ಇಟಲಿ ಮೂಲದ ಕುಟುಂಬ. ತಂದೆ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವರು, ಸಿಡುಕಿನ ಮನುಷ್ಯ, ಜೈಲು ಸೇರಿ ಬಂದವರು. ಮಗನ ದನಿ ನಟ ಜಾನ್ ಟರ್ಟುರೊ ಅವರದು, ತಂದೆಯ ದನಿ ಈಲೈ ವಾಲಾಕ್ ಅವರದು. ಇದರಲ್ಲಿ ಕುಟುಂಬದ ಫೋಟೋ, ಮನೆಯಲ್ಲಿ ತೆಗೆದ ಚಲನಚಿತ್ರದ ತುಣುಕು, ಪತ್ರಿಕಾ ವರದಿಗಳು ಒಂದರ ಪಕ್ಕ ಒಂದು ಬರುತ್ತವೆ. ದಾಖಲೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಪೆನ್ಸಿಲ್ಲಿನ ಗೆರೆ ಶುರುವಾಗುತ್ತದೆ. ಮೆಕೇ, ಮೆಸ್ಮರ್ ಅವರ ಬದುಕನ್ನು ಕಟ್ಟಿಕೊಡಲು ಮೂವತ್ತು ವರ್ಷ ಬಳಸಿದ ವಿಧಾನವನ್ನೇ ಇಲ್ಲಿ ತಮ್ಮ ತಂದೆಯ ಮೇಲೆ ಪ್ರಯೋಗಿಸಿದರು. ಸಾಕ್ಷಿ ಒದಗಿಸಿದರು, ಎದುರುವಾದಿಗೂ ಮಾತಿಗೆ ಅವಕಾಶ ಕೊಟ್ಟರು, ತೀರ್ಪನ್ನು ಸುಲಭ ಮಾಡಲಿಲ್ಲ. 2006ರಲ್ಲಿ ಚಿತ್ರದ ನಿರ್ಮಾಪಕಿ ಪೆಗಿ ಸ್ಟರ್ನ್ ಅವರೊಂದಿಗೆ ಅತ್ಯುತ್ತಮ ಅನಿಮೇಷನ್ ಕಿರುಚಿತ್ರದ ಆಸ್ಕರ್ ಪಡೆದರು. ಪ್ರಶಸ್ತಿ ಇರಲಿ ಬಿಡಲಿ, ಕಾರ್ಟೂನ್ ಎಂಬ ಮಾಧ್ಯಮ ಇಷ್ಟು ಭಾರ ಹೊರಬಲ್ಲದೆಂದು ತೋರಿಸಿದ ಚಿತ್ರಗಳಲ್ಲಿ ಇದನ್ನು ನಾನು ಮುಂದಿನ ಸಾಲಿನಲ್ಲಿಡುತ್ತೇನೆ.

ಡಿಸ್ನಿಯ ಮೇಜುಗಳಿಂದ ಒಂದು ಎಳೆ ಭಾರತಕ್ಕೂ ಬಂದಿದೆ. ‘ಸ್ನೋ ವೈಟ್’, ‘ಬ್ಯಾಂಬಿ’ಗಳಲ್ಲಿ ದುಡಿದ, ಮಿಷನರಿ ದಂಪತಿಯ ಮಗನಾಗಿ ಭಾರತದಲ್ಲೇ ಹುಟ್ಟಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗಕ್ಕೆ ತರಬೇತುದಾರರಾಗಿ ಬಂದರು. ಅವರ ಕೈಕೆಳಗೆ ಜಾತಕಕಥೆಯೊಂದನ್ನು ಆಧರಿಸಿದ ‘ದ ಬ್ಯಾನಿಯನ್ ಡೀರ್’ 1957ರಲ್ಲಿ ತಯಾರಾಯಿತು. ರಾಮ್ ಮೋಹನ್ ಅವರಂಥವರು ಕಸುಬು ಕಲಿತದ್ದು ಆ ವಿಭಾಗದಲ್ಲೇ. ದೂರದರ್ಶನದ ಕಾಲದ ಕನ್ನಡ ಮಕ್ಕಳೆಲ್ಲ ಕಂಡ ‘ಏಕ್ ಅನೇಕ್ ಔರ್ ಏಕ್ತಾ’ ಬಂದದ್ದೂ ಫಿಲ್ಮ್ಸ್ ಡಿವಿಷನ್ನಿನಿಂದ, 1974ರಲ್ಲಿ. ಹಕ್ಕಿಗಳು ಬಲೆಯನ್ನೇ ಎತ್ತಿಕೊಂಡು ಹಾರುವ ಆ ದೃಶ್ಯ ನೆನಪಿರುವವರು ಲಕ್ಷಗಟ್ಟಲೆ ಇದ್ದಾರೆ. ಅದನ್ನು ರೂಪಿಸಿದ ಭೀಮಸೇನ್, ನಿರ್ದೇಶಿಸಿದ ವಿಜಯಾ ಮುಳೆ ಅವರ ಹೆಸರು ಗೊತ್ತಿರುವವರು ಬಹಳ ಕಡಿಮೆ. ಭೀಮಸೇನ್ 2018ರಲ್ಲಿ, ವಿಜಯಾ ಮುಳೆ ಮತ್ತು ರಾಮ್ ಮೋಹನ್ 2019ರಲ್ಲಿ ತೀರಿಕೊಂಡರು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಇವತ್ತು ಅನಿಮೇಷನ್ ಮಾಡುತ್ತಿರುವ ಯುವಕ ಯುವತಿಯರು ಆ ತಲೆಮಾರಿನಲ್ಲಿ ಉಳಿದಿರುವವರನ್ನು ಹುಡುಕಿ, ಯಾವ ಹಾಳೆಯ ಮೇಲೆ, ಯಾವ ಮೇಜಿನ ಮುಂದೆ, ಯಾರ ಜೊತೆ ಕೂತು ಹೇಗೆ ಬಿಡಿಸಿದಿರಿ ಎಂದು ಕೇಳಿ ಬರೆದಿಡಬೇಕು. ಆ ಪ್ರಶ್ನೆಗಳನ್ನು ಸರಿಯಾಗಿ ಕೇಳಬಲ್ಲವರು ಅವರೇ.