ಉರುಳುಕಳೆಯ ಗುರುತು

ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗಗಳಲ್ಲಿ ರಸ್ತೆಯಂಚು, ರೈಲುದಾರಿಯ ಏರಿ, ಬೀಳುಬಿಟ್ಟ ಹೊಲ, ಹೊಸದಾಗಿ ಅಗೆದ ಮಣ್ಣು, ಇವೇ ‘ರಷ್ಯನ್ ಥಿಸಲ್’ ಎಂಬ ಕಳೆಯ ನೆಲೆಗಳು. ಇದು ಆ ದೇಶದ್ದಲ್ಲ. 1870ರ ದಶಕದಲ್ಲಿ ರಷ್ಯಾದಿಂದ ತರಿಸಿದ ಅಗಸೆಯ ಬಿತ್ತನೆಬೀಜದಲ್ಲಿ ಬೆರೆತು ಇಂದಿನ ದಕ್ಷಿಣ ಡಕೋಟಾ ಪ್ರಾಂತಕ್ಕೆ ಬಂದಿತು. 1895ರ ಹೊತ್ತಿಗೆ ಕ್ಯಾಲಿಫೋರ್ನಿಯಾವನ್ನು ಮುಟ್ಟಿತ್ತು. ಮುಳ್ಳುಗಿಡದ ಹೆಸರು ಹೊತ್ತಿದ್ದರೂ ಇದು ನಮ್ಮ ದಂಟು, ಹರಿವೆಗಳ ವಂಶಕ್ಕೆ ಸೇರಿದ್ದೆಂದರೆ ಅನೇಕರು ನಂಬಲಾರರು.

ಎಳೆಯ ಗಿಡದ ಎಲೆಗಳು ಸೂಜಿಯಂತೆ ನೀಳವಾಗಿ, ಮೆತ್ತಗಿರುವುದರಿಂದ ಅದನ್ನು ನಿರುಪದ್ರವಿಯೆಂದು ಬಿಟ್ಟುಬಿಡುವುದುಂಟು. ಆಗ ಕಾಂಡದ ಮೇಲೆ ಉದ್ದುದ್ದವಾಗಿ ಕೆಂಪು ಗೆರೆಗಳಿವೆಯೇ ಎಂದು ನೋಡತಕ್ಕದ್ದು. ಬಲಿತಂತೆ ಮೇಲಿನ ಎಲೆಗಳು ಗಿಡ್ಡವಾಗಿ, ತುದಿಯಲ್ಲಿ ಮುಳ್ಳಾಗುವುವು. ಗಿಡವು ಗುಂಡಗೆ ಪೊದೆಗಟ್ಟುವುದು. ಹೀಗೆಯೇ ಉರುಳುವ ಕೋಕಿಯಾ ಗಿಡವನ್ನು ಇದೆಂದು ಭ್ರಮಿಸಬಾರದು. ಅದರ ಎಲೆಯು ಚಪ್ಪಟೆಯಾದುದು, ನವಿರಾದ ರೋಮವುಳ್ಳದ್ದು, ಮುಳ್ಳಿಲ್ಲದ್ದು.

ಗಿಡವು ಒಣಗಿದ ಮೇಲೆ ನೆಲಮಟ್ಟದಲ್ಲಿ ತಾನಾಗಿಯೇ ಮುರಿದು, ಗಾಳಿಗೆ ಉರುಳುತ್ತ ಬೀಜವನ್ನು ಚೆಲ್ಲುವುದು. ದೊಡ್ಡ ಗಿಡವೊಂದರಲ್ಲಿ 2,50,000ದವರೆಗೂ ಬೀಜಗಳಿರಬಹುದು. ಆದರೆ ಆ ಬೀಜಕ್ಕೆ ಆಯುಸ್ಸು ಕಡಿಮೆ. ಬಹುಪಾಲು ಒಂದೆರಡು ವರ್ಷಗಳಲ್ಲಿ ಸತ್ತುಹೋಗುವುವು. ಗಟ್ಟಿ ನೆಲದಲ್ಲಿ ಮೊಳಕೆಯು ಬೇರೂರುವುದೂ ಕಷ್ಟ. ಆದುದರಿಂದ ಸಡಿಲ ಮಣ್ಣಿನಲ್ಲಿ ಕಂಡ ಸಸಿಯನ್ನು ಮುಳ್ಳೇಳುವ ಮುನ್ನವೇ ಕೀಳತಕ್ಕದ್ದು. ಬೇಲಿಗೆ ಬಂದು ಒತ್ತಿದ ಒಣಗಿಡಗಳನ್ನು ಸುಡುವ ಹೊತ್ತಿಗೆ ಬೀಜವು ದಾರಿಯುದ್ದಕ್ಕೂ ಬಿದ್ದಾಗಿರುತ್ತದೆ.